ಹೆಚ್ಚು ಕೋರ್‌ಗಳ ಪ್ರೊಸೆಸರ್: ಮೆಮೊರಿಯ ಮಿತಿ, ಬೇಸಿಗೆಯ ಶಾಖ – ಓದುಗರ ಪ್ರಶ್ನೆಗಳಿಗೆ ಉತ್ತರ

16 ಮತ್ತು 24 ಕೋರ್‌ಗಳ (ಏಕಕಾಲಕ್ಕೆ ದುಡಿಯುವ ಲೆಕ್ಕದ ಘಟಕಗಳ) ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಈಗ ಕಾಲೇಜಿನ ಪ್ರಯೋಗಾಲಯಗಳಿಗೂ ಮನೆಯಲ್ಲೇ ನಡೆಯುವ ಸ್ಟುಡಿಯೊಗಳಿಗೂ ಬಂದಿವೆ. ಅಷ್ಟು ಕೋರ್‌ಗಳಿಗೆ ಬೇಕಾದ ದತ್ತಾಂಶವನ್ನು ಮೆಮೊರಿ ಸಕಾಲಕ್ಕೆ ಒದಗಿಸೀತೇ, ಅವು ಹೊರಹಾಕುವ ಶಾಖವನ್ನು ನಮ್ಮ ಹವೆಯಲ್ಲಿ ನಿಭಾಯಿಸುವುದು ಹೇಗೆ ಎಂಬ ಎರಡು ಚಿಂತೆಗಳು ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಂಡಿವೆ. ಒಂದಕ್ಕೊಂದು ಹೆಣೆದುಕೊಂಡಿರುವ ಈ ಎರಡು ವಿಷಯಗಳ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಎತ್ತಿಕೊಳ್ಳಲಾಗಿದೆ.

ಪ್ರಶ್ನೆ: ಮಾನ್ಯರೇ, ನಮ್ಮ ವಿಭಾಗಕ್ಕೆ 16 ಕೋರ್‌ಗಳ ರೈಜನ್ 9 9950ಎಕ್ಸ್ ಪ್ರೊಸೆಸರ್ ಇರುವ ಕಂಪ್ಯೂಟರ್ ಬಂದಿದೆ. ಎರಡು ಡಿಡಿಆರ್5-5600 ಮೆಮೊರಿ ಸ್ಟಿಕ್‌ಗಳಿವೆ. ಓಪನ್‌ಫೋಮ್‌ನಲ್ಲಿ ಗಾಳಿಯ ಹರಿವಿನ ಲೆಕ್ಕಾಚಾರವನ್ನು 8 ಕೋರ್‌ಗಳಲ್ಲಿ ನಡೆಸಿದಾಗ ಹಿಡಿಯುವ ಸಮಯಕ್ಕೂ 16 ಕೋರ್‌ಗಳಲ್ಲಿ ಹಿಡಿಯುವ ಸಮಯಕ್ಕೂ ಹೆಚ್ಚಿನ ವ್ಯತ್ಯಾಸವೇ ಕಾಣುತ್ತಿಲ್ಲ. ಯಂತ್ರದಲ್ಲಿ ದೋಷವಿರಬಹುದೇ?
– ಇಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರು, ರಾಯಚೂರು

ಉತ್ತರ: ನೀವು ವಿವರಿಸಿರುವುದು ದೋಷದ ಲಕ್ಷಣವಲ್ಲ. ಓಪನ್‌ಫೋಮ್‌ನಂಥ ತಂತ್ರಾಂಶಗಳು ಮಾಡುವ ಕೆಲಸದಲ್ಲಿ ಗುಣಿಸುವುದು, ಕೂಡಿಸುವುದು ಅತ್ಯಲ್ಪ. ಮೆಮೊರಿಯಿಂದ ಸಂಖ್ಯೆಗಳನ್ನು ತರಿಸಿಕೊಳ್ಳುವುದೇ ಬಹುಪಾಲು. ಕೆರೆಯ ತೂಬಿನ ಗಾತ್ರ ಹಾಗೆಯೇ ಇದ್ದು ಅಚ್ಚುಕಟ್ಟಿನ ಗದ್ದೆಗಳು ಮಾತ್ರ ಹೆಚ್ಚಿದರೆ ಯಾವ ಗದ್ದೆಗೂ ಸಾಕಷ್ಟು ನೀರು ಸಿಗದಿರುವಂತೆ, ಇಲ್ಲಿಯೂ ಮೆಮೊರಿಯ ದಾರಿ ಒಂದೇ ಇದ್ದು ಅದನ್ನು ಹಂಚಿಕೊಳ್ಳುವ ಕೋರ್‌ಗಳು ಮಾತ್ರ ಇಮ್ಮಡಿಯಾಗಿವೆ.

ಇದನ್ನು ಲೆಕ್ಕ ಹಾಕಿಯೇ ನೋಡೋಣ. ಡಿಡಿಆರ್5-5600 ಎಂಬುದರಲ್ಲಿ ಡಿಡಿಆರ್5 ಎಂದರೆ ಮೆಮೊರಿಯ ಪೀಳಿಗೆ, 5600 ಎಂದರೆ ಸೆಕೆಂಡಿಗೆ 560 ಕೋಟಿ ರವಾನೆಗಳು. ಎರಡು ಚಾನೆಲ್‌ಗಳು, ಅಂದರೆ ಆ ದಾರಿಯ ಎರಡು ಕವಲುಗಳು, ಸೇರಿ ಪ್ರತಿ ರವಾನೆಯಲ್ಲಿ 16 ಬೈಟ್ ಸಾಗಿಸುತ್ತವೆ. ಆದ್ದರಿಂದ ಒಟ್ಟು ಬ್ಯಾಂಡ್‌ವಿಡ್ತ್ (ದತ್ತಾಂಶ ಹರಿಯುವ ಪ್ರಮಾಣ) ಸೆಕೆಂಡಿಗೆ 89.6 ಗಿಗಾಬೈಟ್; ಕೋರ್ ಒಂದಕ್ಕೆ ಸಿಗುವ ಪಾಲು 5.6 ಗಿಗಾಬೈಟ್. ಇನ್ನು ಕೆಲಸದ ಕಡೆಗೆ ಬರೋಣ. ಹರಿವಿನ ಸಮೀಕರಣಗಳನ್ನು ಬಿಡಿಸುವಾಗ ಎದುರಾಗುವ ವಿರಳ ಮ್ಯಾಟ್ರಿಕ್ಸ್‌ನಲ್ಲಿ (ಬಹುಪಾಲು ಸೊನ್ನೆಗಳೇ ಇರುವ ಸಂಖ್ಯಾಕೋಷ್ಟಕದಲ್ಲಿ) ಪ್ರತಿ ಸಂಖ್ಯೆಗೆ 8 ಬೈಟ್, ಅದರ ಸ್ಥಾನಸೂಚಿಗೆ 4 ಬೈಟ್ ಓದಬೇಕು. ಓದಿದ ಮೇಲೆ ನಡೆಯುವುದು ಒಂದು ಗುಣಾಕಾರ, ಒಂದು ಸಂಕಲನ ಮಾತ್ರ. ಅಂದರೆ ಒಂದು ಗಣಿತಕ್ರಿಯೆಗೆ ಸುಮಾರು 6 ಬೈಟ್ ಬೇಕು. ಸೆಕೆಂಡಿಗೆ 89.6 ಗಿಗಾಬೈಟ್ ಹರಿದು ಬಂದರೆ ಹೆಚ್ಚೆಂದರೆ 1,500 ಕೋಟಿ ಕ್ರಿಯೆಗಳು ನಡೆದಾವು. ಆದರೆ ನಿಮ್ಮ ಪ್ರೊಸೆಸರ್‌ನ ಝೆನ್ 5 ವಿನ್ಯಾಸದ ಒಂದೇ ಒಂದು ಕೋರ್, ಗಡಿಯಾರದ ಒಂದು ಮಿಡಿತಕ್ಕೆ 32 ಕ್ರಿಯೆಗಳಂತೆ, 5 ಗಿಗಾಹರ್ಟ್ಸ್ ವೇಗದಲ್ಲಿ 16,000 ಕೋಟಿ ಕ್ರಿಯೆಗಳನ್ನು ಮಾಡಬಲ್ಲದು. ಇಡೀ ಯಂತ್ರದ ಮೆಮೊರಿ ಸೇರಿದರೂ ಒಂದು ಕೋರ್‌ನ ಗರಿಷ್ಠ ಸಾಮರ್ಥ್ಯದ ಹತ್ತನೆಯ ಒಂದು ಭಾಗಕ್ಕೂ ಆಹಾರ ಒದಗಿಸಲಾರದು. ದತ್ತಾಂಶಕ್ಕಾಗಿ ಕಾಯುವ ಹೊತ್ತೂ ಇರುವುದರಿಂದ ತೂಬನ್ನು ಪೂರ್ತಿ ಬಳಸಿಕೊಳ್ಳಲು ಕೆಲವು ಕೋರ್‌ಗಳು ಬೇಕಾಗುತ್ತವೆ ನಿಜ, ಆದರೆ ಹದಿನಾರೂ ಬೇಕಾಗುವುದಿಲ್ಲ.

ಈ ಕೊರತೆ ಹೇಗೆ ಬೆಳೆದು ಬಂತೆಂಬುದನ್ನು ತಿಳಿಯುವುದು ಒಳ್ಳೆಯದು. 2011ರ ಕೋರ್ ಐ7-2600ಕೆ ಪ್ರೊಸೆಸರ್‌ಗೆ 4 ಕೋರ್‌ಗಳಿದ್ದವು. ಡಿಡಿಆರ್3-1333 ಮೆಮೊರಿಯಿಂದ ಸೆಕೆಂಡಿಗೆ ಸುಮಾರು 21 ಗಿಗಾಬೈಟ್ ಸಿಗುತ್ತಿತ್ತು. ಕೋರ್ ಒಂದಕ್ಕೆ ಅಂದಿನ ಪಾಲು 5.3 ಗಿಗಾಬೈಟ್, ಇಂದಿನದು 5.6. ಹದಿಮೂರು ವರ್ಷಗಳ ಅಂತರದಲ್ಲಿ ಪಾಲು ಬಹುತೇಕ ಇದ್ದಲ್ಲಿಯೇ ಇದೆ, ಕೋರ್ ಮಾತ್ರ ಗಡಿಯಾರದ ಪ್ರತಿ ಮಿಡಿತಕ್ಕೆ ನಾಲ್ಕು ಪಟ್ಟು ಹೆಚ್ಚು ಲೆಕ್ಕ ಮಾಡುವಂತಾಗಿದೆ. ಪ್ರೊಸೆಸರ್‌ನ ಪೆಟ್ಟಿಗೆಯ ಮೇಲೆ ಕೋರ್‌ಗಳ ಸಂಖ್ಯೆಯನ್ನು ದಪ್ಪಕ್ಷರಗಳಲ್ಲಿ ಮುದ್ರಿಸುವ ತಯಾರಕರು ಕೋರ್ ಒಂದಕ್ಕೆ ದೊರೆಯುವ ಬ್ಯಾಂಡ್‌ವಿಡ್ತನ್ನೂ ಅಲ್ಲಿಯೇ ಮುದ್ರಿಸಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ಸಾರ್ವಜನಿಕ ಹಣದಲ್ಲಿ ಪ್ರಯೋಗಾಲಯ ಕಟ್ಟುವವರಿಗೆ ಆ ಒಂದು ಸಂಖ್ಯೆಯಿಂದ ದೊಡ್ಡ ಉಪಕಾರವಾಗುತ್ತದೆ.

ಇರುವ ಯಂತ್ರದಲ್ಲೇ ನೀವು ಮಾಡಬಹುದಾದ ಒಂದು ಸುಧಾರಣೆ ಇದೆ. 9950ಎಕ್ಸ್‌ನ 16 ಕೋರ್‌ಗಳು ತಲಾ 8ರಂತೆ ಎರಡು ಚಿಪ್ಲೆಟ್‌ಗಳಲ್ಲಿ (ಚಿಕ್ಕ ಚಿಪ್‌ಗಳಲ್ಲಿ) ಹಂಚಿಹೋಗಿವೆ; ಮೆಮೊರಿ ನಿಯಂತ್ರಕವು ಮೂರನೆಯ ಚಿಪ್‌ನಲ್ಲಿದೆ. ಪ್ರತಿ ಚಿಪ್ಲೆಟ್‌ನಿಂದ ಆ ನಿಯಂತ್ರಕಕ್ಕೆ ಇರುವ ಕೊಂಡಿಯು 2000 ಮೆಗಾಹರ್ಟ್ಸ್‌ನಲ್ಲಿ ಸೆಕೆಂಡಿಗೆ 64 ಗಿಗಾಬೈಟ್ ಓದಬಲ್ಲದು, 32 ಗಿಗಾಬೈಟ್ ಬರೆಯಬಲ್ಲದು. 8 ಪ್ರಕ್ರಿಯೆಗಳನ್ನೂ ಒಂದೇ ಚಿಪ್ಲೆಟ್‌ನಲ್ಲಿ ನಡೆಸಿದರೆ ಆ 64 ಗಿಗಾಬೈಟ್‌ನ ಮಿತಿಯೇ ಅಡ್ಡ ಬರುತ್ತದೆ. ಪ್ರಕ್ರಿಯೆಗಳ ನಡುವೆ ಸಂದೇಶ ಸಾಗಿಸುವ ಎಂಪಿಐ ವ್ಯವಸ್ಥೆಯಲ್ಲಿ, ಯಾವ ಪ್ರಕ್ರಿಯೆ ಯಾವ ಕೋರ್‌ನಲ್ಲಿ ನಡೆಯಬೇಕೆಂದು ಗೊತ್ತುಪಡಿಸುವ ಬೈಂಡಿಂಗ್ ಆಯ್ಕೆಯನ್ನು ಬಳಸಿ ಒಂದೊಂದು ಚಿಪ್ಲೆಟ್‌ಗೆ ನಾಲ್ಕು ಅಥವಾ ಐದು ಪ್ರಕ್ರಿಯೆಗಳನ್ನು ಹಂಚಿ ನೋಡಿ. ಜಾನ್ ಮೆಕ್‌ಕಾಲ್ಪಿನ್ ಅವರು 1990ರ ದಶಕದ ಆರಂಭದಲ್ಲಿ ರೂಪಿಸಿದ, ಇಂದಿಗೂ ಉಚಿತವಾಗಿ ದೊರೆಯುವ ಸ್ಟ್ರೀಮ್ ಎಂಬ ಪುಟ್ಟ ಪರೀಕ್ಷಾ ಪ್ರೋಗ್ರಾಂ ಅನ್ನು 2, 4, 8, 12, 16 ಥ್ರೆಡ್‌ಗಳಲ್ಲಿ (ಏಕಕಾಲಕ್ಕೆ ಓಡುವ ಎಳೆಗಳಲ್ಲಿ) ಓಡಿಸಿದರೆ ಯಾವ ಹಂತದಲ್ಲಿ ಬ್ಯಾಂಡ್‌ವಿಡ್ತ್ ಏರುವುದು ನಿಲ್ಲುತ್ತದೆ ಎಂಬುದು ನಿಮಗೇ ಕಾಣುತ್ತದೆ. ಅದಕ್ಕಿಂತ ಹೆಚ್ಚು ಕೋರ್‌ಗಳನ್ನು ಈ ಕೆಲಸಕ್ಕೆ ಹಚ್ಚುವುದರಿಂದ ವಿದ್ಯುತ್ ಮತ್ತು ಶಾಖ ಹೆಚ್ಚುತ್ತವೆ, ಕೆಲಸ ಬೇಗ ಮುಗಿಯುವುದಿಲ್ಲ.

ಮುಂದಿನ ಖರೀದಿಯ ಬಗ್ಗೆಯೂ ಒಂದು ಮಾತು. ದೊಡ್ಡ ಗಣಕಗಳನ್ನು ಕಟ್ಟುವವರು ಈ ಸಮಸ್ಯೆಯನ್ನು ಚಾನೆಲ್‌ಗಳನ್ನು ಹೆಚ್ಚಿಸಿ ಎದುರಿಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪನೆಯಾದ, 3.3 ಪೆಟಾಫ್ಲಾಪ್ಸ್ ಸಾಮರ್ಥ್ಯದ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರಿನಲ್ಲಿರುವ, ಇಂಟೆಲ್‌ನ ಕ್ಯಾಸ್ಕೇಡ್ ಲೇಕ್ ಪೀಳಿಗೆಯ ಜಿಯಾನ್ ಪ್ರೊಸೆಸರ್‌ಗಳಿಗೆ ತಲಾ 6 ಮೆಮೊರಿ ಚಾನೆಲ್‌ಗಳಿವೆ. ಹಳೆಯ ಡಿಡಿಆರ್4-2933 ಆಗಿದ್ದರೂ ಆರು ಚಾನೆಲ್‌ಗಳಿಂದ ಸೆಕೆಂಡಿಗೆ 140 ಗಿಗಾಬೈಟ್ ಸಿಗುತ್ತದೆ. ನಿಮ್ಮ ವಿಭಾಗದ ಕೆಲಸ ಮುಖ್ಯವಾಗಿ ಓಪನ್‌ಫೋಮ್ ಆಗಿದ್ದರೆ, ಇನ್ನೊಂದು 16 ಕೋರ್‌ಗಳ ಡೆಸ್ಕ್‌ಟಾಪ್‌ಗಿಂತ ಹೆಚ್ಚು ಚಾನೆಲ್‌ಗಳಿರುವ, ಬೇಕಿದ್ದರೆ ಒಂದು ಪೀಳಿಗೆ ಹಳೆಯದಾದ ಸರ್ವರ್ ಯಂತ್ರವೇ ಹೆಚ್ಚು ಉಪಯುಕ್ತವಾದೀತು.

ಪ್ರಶ್ನೆ: ನಾನು ಬಳಸುವ ಒಂದು ತಂತ್ರಾಂಶವು ನನ್ನ ಕಂಪ್ಯೂಟರಿನಲ್ಲಿ 4 ಚಾನೆಲ್‌ಗಳಿವೆ ಎಂದು ತೋರಿಸುತ್ತದೆ. ಇರುವುದು ಎರಡೇ ಸ್ಟಿಕ್. ಯಾವುದು ಸರಿ?
– ವಿದ್ಯಾರ್ಥಿ, ಧಾರವಾಡ

ಉತ್ತರ: ಎರಡೂ ಸರಿ. ಡಿಡಿಆರ್4ರ ಒಂದು ಸ್ಟಿಕ್‌ನಲ್ಲಿ 64 ಬಿಟ್ ಅಗಲದ ಒಂದೇ ಚಾನೆಲ್ ಇತ್ತು. ಡಿಡಿಆರ್5ರಲ್ಲಿ ಅದನ್ನು ತಲಾ 32 ಬಿಟ್‌ಗಳ ಎರಡು ಉಪಚಾನೆಲ್‌ಗಳಾಗಿ ಒಡೆಯಲಾಗಿದೆ. ಹೀಗಾಗಿ ಎರಡು ಸ್ಟಿಕ್‌ಗಳಿಗೆ ನಾಲ್ಕು ಉಪಚಾನೆಲ್‌ಗಳಾದರೂ ಒಟ್ಟು ಅಗಲ ಹಿಂದಿನಂತೆಯೇ 128 ಬಿಟ್. ಒಂದೇ ಸಮಯದಲ್ಲಿ ಬೇರೆ ಬೇರೆ ಕೋರ್‌ಗಳು ಕೇಳುವ ಸಣ್ಣ ಸಣ್ಣ ತುಣುಕುಗಳನ್ನು ಒದಗಿಸಲು ಈ ಏರ್ಪಾಡಿನಿಂದ ಅನುಕೂಲವಿದೆ. ಆದರೆ 256 ಬಿಟ್‌ಗಳ ನಿಜವಾದ ನಾಲ್ಕು ಚಾನೆಲ್ ಯಂತ್ರಕ್ಕೆ ಇದು ಸಮನಲ್ಲ. ಜಾಹೀರಾತಿನಲ್ಲಿ ಹಾಗೆ ಬರೆದಿದ್ದರೆ ನಂಬಬೇಡಿ.

ಪ್ರಶ್ನೆ: ಅನಿಮೇಷನ್ ಕೆಲಸಕ್ಕೆಂದು 128 ಗಿಗಾಬೈಟ್ ಮೆಮೊರಿ ಬೇಕಾಗಿ, 32 ಗಿಗಾಬೈಟ್‌ನ 6000 ವೇಗದ ನಾಲ್ಕು ಸ್ಟಿಕ್‌ಗಳನ್ನು ನನ್ನ ರೈಜನ್ ಯಂತ್ರಕ್ಕೆ ಹಾಕಿಸಿದೆ. ಈಗ ಬಯಾಸ್‌ನಲ್ಲಿ (ಯಂತ್ರ ಆರಂಭವಾಗುವಾಗಿನ ಸೆಟ್ಟಿಂಗ್ ಪರದೆಯಲ್ಲಿ) ವೇಗ 3600 ಎಂದು ತೋರಿಸುತ್ತಿದೆ. ಮೊದಲ ಬಾರಿ ಆನ್ ಮಾಡಿದಾಗ ಪರದೆ ಬಹಳ ಹೊತ್ತು ಕಪ್ಪಾಗಿಯೇ ಇತ್ತು. ಅಂಗಡಿಯವರು ಕೊಟ್ಟ ಮೆಮೊರಿ ನಕಲಿಯೇ?
– ಅನಿಮೇಷನ್ ಕಲಾವಿದೆ, ಮೈಸೂರು

ಉತ್ತರ: ನೀವು ಹೇಳಿದ ಎರಡು ಲಕ್ಷಣಗಳಿಂದ ಮೆಮೊರಿ ನಕಲಿ ಎನ್ನಲಾಗದು. ಪರದೆ ಕಪ್ಪಾಗಿದ್ದ ಹೊತ್ತಿನಲ್ಲಿ ಯಂತ್ರವು ಮೆಮೊರಿ ಟ್ರೈನಿಂಗ್ ಮಾಡುತ್ತಿತ್ತು. ಅಂದರೆ ಪ್ರತಿ ತಂತಿಯಲ್ಲೂ ಸಂಕೇತಗಳು ಯಾವ ಕ್ಷಣಕ್ಕೆ ಸರಿಯಾಗಿ ತಲುಪುತ್ತವೆ ಎಂದು ಅಳೆದು ಹೊಂದಿಸಿಕೊಳ್ಳುತ್ತಿತ್ತು. ನಾಲ್ಕು ದೊಡ್ಡ ಸ್ಟಿಕ್‌ಗಳಿದ್ದಾಗ ಇದಕ್ಕೆ ಹಲವು ನಿಮಿಷಗಳೇ ಹಿಡಿಯಬಹುದು. ಆ ಹೊತ್ತಿನಲ್ಲಿ ಗಾಬರಿಯಿಂದ ವಿದ್ಯುತ್ ತೆಗೆಯಬಾರದು.

ವೇಗದ ವಿಷಯಕ್ಕೆ ಬಂದರೆ, ಒಂದೇ ಚಾನೆಲ್‌ಗೆ ಎರಡು ಸ್ಟಿಕ್‌ಗಳನ್ನು ಜೋಡಿಸಿದಾಗ ಸಂಕೇತದ ತಂತಿಗಳ ಮೇಲಿನ ಹೊರೆ ಹೆಚ್ಚುತ್ತದೆ, ಪ್ರತಿಫಲನಗಳು ಉಂಟಾಗುತ್ತವೆ. ಇದೇ ಕಾರಣಕ್ಕೆ ರೈಜನ್ ತಯಾರಿಸುವ ಎಎಂಡಿ ಕಂಪನಿಯು ತನ್ನ ಎಎಂ5 ಸಾಕೆಟ್‌ನ ಪ್ರೊಸೆಸರ್‌ಗಳಿಗೆ ನಾಲ್ಕು ಸ್ಟಿಕ್‌ಗಳಿದ್ದಾಗ ಕೊಡುವ ಅಧಿಕೃತ ಭರವಸೆ 3600 ಮಾತ್ರ. ಎರಡು ಸ್ಟಿಕ್‌ಗಳಿಗೆ 9000 ಸರಣಿಯಲ್ಲಿ 5600. ಪೆಟ್ಟಿಗೆಯ ಮೇಲಿನ 6000 ಎಂಬುದು ಎಕ್ಸ್‌ಪೊ ಅಥವಾ ಎಕ್ಸ್‌ಎಂಪಿ ಎಂಬ ಓವರ್‌ಕ್ಲಾಕಿಂಗ್ (ಅಧಿಕೃತ ಮಿತಿಯನ್ನು ಮೀರಿ ಓಡಿಸುವ) ವ್ಯವಸ್ಥೆಯ ಮೂಲಕ ಪಡೆಯುವ ವೇಗ; ಅದೂ ಆ ಕಿಟ್‌ನಲ್ಲಿರುವಷ್ಟೇ ಸ್ಟಿಕ್‌ಗಳನ್ನು ಹಾಕಿದಾಗ. 3600ರಲ್ಲಿ ನಿಮಗೆ ಸಿಗುತ್ತಿರುವುದು ಸೆಕೆಂಡಿಗೆ 57.6 ಗಿಗಾಬೈಟ್. 2019ರ ರೈಜನ್ 9 3950ಎಕ್ಸ್‌ಗೆ ಡಿಡಿಆರ್4-3200 ಕೊಡುತ್ತಿದ್ದ 51.2ಕ್ಕಿಂತ ಇದು ಹೆಚ್ಚೇನೂ ಅಲ್ಲ.

ಆದರೆ ನಿಮ್ಮ ಕೆಲಸ ಬ್ಲೆಂಡರ್‌ನ ಸೈಕಲ್ಸ್‌ನಲ್ಲಿ ರೆಂಡರ್ ಮಾಡುವುದೇ ಆಗಿದ್ದರೆ ಇದರಿಂದ ನೀವು ಕಳೆದುಕೊಳ್ಳುವುದು ಅಷ್ಟಿಲ್ಲ. ಸೈಕಲ್ಸ್ ಮಾಡುವ ರೇ ಟ್ರೇಸಿಂಗ್‌ನಲ್ಲಿ (ಬೆಳಕಿನ ಕಿರಣಗಳ ಜಾಡು ಹಿಡಿದು ಚಿತ್ರ ಮೂಡಿಸುವುದರಲ್ಲಿ) ಲೆಕ್ಕವೇ ಹೆಚ್ಚು. ಬೇಕಾದ ದತ್ತಾಂಶದ ಬಹುಭಾಗ ಪ್ರೊಸೆಸರ್‌ನೊಳಗಿನ ಕ್ಯಾಶ್ ಎಂಬ ಚಿಕ್ಕ, ವೇಗದ ಮೆಮೊರಿಯಿಂದಲೇ ದೊರೆಯುವುದರಿಂದ ಕೋರ್‌ಗಳು ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ. ದೃಶ್ಯ ದೊಡ್ಡದಾಗಿ ಮೆಮೊರಿ ಸಾಲದೇ ಹೋದರೆ ರೆಂಡರ್ ನಿಂತೇ ಹೋಗುತ್ತದೆ. ಆದ್ದರಿಂದ ನಿಮ್ಮ ಮಟ್ಟಿಗೆ ವೇಗಕ್ಕಿಂತ ಗಾತ್ರ ಮುಖ್ಯ. ಹೊಸದಾಗಿ ಕೊಳ್ಳುವವರಿಗೆ ಮಾತ್ರ ನನ್ನ ಸಲಹೆ ಬೇರೆ: ಈಗ 48 ಮತ್ತು 64 ಗಿಗಾಬೈಟ್‌ನ ಸ್ಟಿಕ್‌ಗಳು ದೊರೆಯುತ್ತಿರುವುದರಿಂದ ಎರಡೇ ಸ್ಟಿಕ್‌ಗಳಲ್ಲಿ 96 ಅಥವಾ 128 ಗಿಗಾಬೈಟ್ ಪಡೆಯುವುದು ಮೇಲು. 2025ರ ಕೊನೆಯ ತಿಂಗಳುಗಳಿಂದ ಮೆಮೊರಿಯ ಬೆಲೆ ವಿಪರೀತ ಏರಿರುವಾಗ, ಇರುವ ನಾಲ್ಕನ್ನು ಮಾರಿ ಎರಡನ್ನು ಕೊಳ್ಳುವ ಸಾಹಸವನ್ನು ನಿಮಗೆ ಸೂಚಿಸಲಾರೆ.

ಪ್ರಶ್ನೆ: ನಮ್ಮ ಊರಿನಲ್ಲಿ ಬೇಸಿಗೆ ಎಂಥದೆಂದು ತಮಗೆ ಗೊತ್ತು. ನನ್ನ 16 ಕೋರ್‌ಗಳ ಕಂಪ್ಯೂಟರ್ ವಿಡಿಯೊ ಪರಿವರ್ತನೆ ಮಾಡುವಾಗ 95 ಡಿಗ್ರಿ ತಲುಪಿ ಅಲ್ಲೇ ನಿಲ್ಲುತ್ತದೆ. ಇದರಿಂದ ಪ್ರೊಸೆಸರ್ ಸುಟ್ಟುಹೋಗುವುದೇ? ಅಂಗಡಿಯವರು ಲಿಕ್ವಿಡ್ ಕೂಲರ್ ಹಾಕಿಸಲೇಬೇಕು ಎನ್ನುತ್ತಿದ್ದಾರೆ. ಕೊಠಡಿಗೆ ಎಸಿ ಇಲ್ಲ.
– ವಿಡಿಯೊ ಸಂಕಲನಕಾರರು, ಕಲಬುರಗಿ

ಉತ್ತರ: ಸುಟ್ಟುಹೋಗುವುದಿಲ್ಲ. 95 ಡಿಗ್ರಿ ಸೆಲ್ಸಿಯಸ್ ಎಂಬುದು ಈ ಪ್ರೊಸೆಸರ್‌ಗಳಿಗೆ ತಯಾರಕರೇ ಗೊತ್ತುಪಡಿಸಿದ ಮೇಲಿನ ಮಿತಿ. 2022ರಲ್ಲಿ ಬಂದ ರೈಜನ್ 7000 ಸರಣಿಯಿಂದ ಎಎಂಡಿ ತನ್ನ ಧೋರಣೆಯನ್ನೇ ಬದಲಿಸಿತು: ವಿದ್ಯುತ್ತಿನ ಮಿತಿ ಅಥವಾ ತಾಪದ ಮಿತಿ, ಇವೆರಡರಲ್ಲಿ ಯಾವುದು ಮೊದಲು ಎದುರಾಗುತ್ತದೆಯೋ ಅಲ್ಲಿಯವರೆಗೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ಏರಿಸಿಕೊಳ್ಳುತ್ತ ಹೋಗುತ್ತದೆ. 95 ತಲುಪಿದ ಮೇಲೆ ವೇಗವನ್ನು ತುಸು ಇಳಿಸಿಕೊಂಡು ಅಲ್ಲಿಯೇ ನಿಲ್ಲುತ್ತದೆ. ನೀವು ನೋಡುತ್ತಿರುವುದು ಅದನ್ನೇ.

ಆದರೂ ನಿಮ್ಮ ಆತಂಕಕ್ಕೆ ಆಧಾರವಿಲ್ಲವೆಂದು ಹೇಳಲಾರೆ, ಏಕೆಂದರೆ ಕೂಲರ್‌ಗಳ ಬಗ್ಗೆ ನಾವು ಓದುವ ಪರೀಕ್ಷಾ ವರದಿಗಳಲ್ಲಿ ಬಹುಪಾಲು 20ರಿಂದ 25 ಡಿಗ್ರಿಯ ಕೊಠಡಿಗಳಲ್ಲಿ ಸಿದ್ಧವಾದವು. ಕೂಲರ್ ಯಾವುದೇ ಇರಲಿ, ಅದು ಹೊರಹಾಕಬಲ್ಲ ಶಾಖವು ಚಿಪ್‌ನ ತಾಪಕ್ಕೂ ಸುತ್ತಲಿನ ಗಾಳಿಯ ತಾಪಕ್ಕೂ ಇರುವ ಅಂತರಕ್ಕೆ ಅನುಗುಣವಾಗಿರುತ್ತದೆ. 25 ಡಿಗ್ರಿಯ ಕೊಠಡಿಯಲ್ಲಿ ಆ ಅಂತರ 70 ಡಿಗ್ರಿ. ಕಲಬುರಗಿಯ ಮೇ ತಿಂಗಳಿನ 42 ಡಿಗ್ರಿಯಲ್ಲಿ ಅದು 53ಕ್ಕೆ ಇಳಿಯುತ್ತದೆ. 9950ಎಕ್ಸ್‌ನ 170 ವ್ಯಾಟ್ ಎಂಬ ಟಿಡಿಪಿ (ತಯಾರಕರು ನಮೂದಿಸುವ ಶಾಖದ ಅಂದಾಜು) ಗುರುತಿನ ಹಿಂದೆ ಸಾಕೆಟ್‌ನ ನಿಜವಾದ ಮಿತಿ 230 ವ್ಯಾಟ್ ಇದೆ. ತಂಪು ಕೊಠಡಿಯಲ್ಲಿ 230 ವ್ಯಾಟ್ ಶಾಖವನ್ನು ಸರಿಯಾಗಿ ಹೊರಹಾಕುತ್ತಿದ್ದ ಕೂಲರ್, ನಿಮ್ಮ ಕೊಠಡಿಯಲ್ಲಿ ಸುಮಾರು 174 ವ್ಯಾಟ್‌ಗಷ್ಟೇ ಸಾಲುತ್ತದೆ. ಕ್ಯಾಬಿನೆಟ್‌ನೊಳಗಿನ ಗಾಳಿ ಕೊಠಡಿಗಿಂತ ಬಿಸಿಯಾಗಿರುವುದರಿಂದ ನಿಜದಲ್ಲಿ ಇನ್ನೂ ಕಡಿಮೆ.

ಲಿಕ್ವಿಡ್ ಕೂಲರ್ ಈ ನಿಯಮವನ್ನು ಮೀರುವುದಿಲ್ಲ. ಅದರ ರೇಡಿಯೇಟರ್ ಮೇಲೆ ಬೀಸುವುದೂ ಅದೇ 42 ಡಿಗ್ರಿಯ ಗಾಳಿಯೇ. 360 ಮಿಲಿಮೀಟರ್ ರೇಡಿಯೇಟರ್‌ನ ಹರವು ದೊಡ್ಡದಾದ್ದರಿಂದ ಒಂದಿಷ್ಟು ಅನುಕೂಲವಿದೆ. ಆದರೆ ಈ ಪ್ರೊಸೆಸರ್‌ಗಳಲ್ಲಿ ನಿಜವಾದ ಇಕ್ಕಟ್ಟು ಇರುವುದು ಕೂಲರ್‌ಗಿಂತ ಮೊದಲೇ. ಕೋರ್‌ಗಳಿರುವ ಚಿಪ್ಲೆಟ್ ಒಂದರ ವಿಸ್ತೀರ್ಣ ಸುಮಾರು 70 ಚದರ ಮಿಲಿಮೀಟರ್. ಎರಡೂ ಸೇರಿದರೆ ತಲಾ 12 ಮಿಲಿಮೀಟರ್ ಉದ್ದಗಲದ ಒಂದು ಚೌಕ. ಇನ್ನೂರು ವ್ಯಾಟ್‌ಗೆ ಸಮೀಪದ ಶಾಖವು ಅಷ್ಟು ಚಿಕ್ಕ ಜಾಗದಿಂದ ಹೊರಟು, ಮೇಲಿನ ದಪ್ಪನೆಯ ಲೋಹದ ಮುಚ್ಚಳವನ್ನು ದಾಟಿ ಕೂಲರ್‌ನ ತಳವನ್ನು ಮುಟ್ಟಬೇಕು. ಆ ದಾರಿಯ ಅಡ್ಡಿ ಯಾವ ಕೂಲರ್ ಹಾಕಿದರೂ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಪಂಪ್ ಕೆಟ್ಟುಹೋಗುವ ಸಾಧ್ಯತೆಯುಳ್ಳ, ವರ್ಷಗಳು ಕಳೆದಂತೆ ದ್ರವ ನಿಧಾನವಾಗಿ ಕಡಿಮೆಯಾಗುವ ಉಪಕರಣಕ್ಕೆ ಹಣ ಹಾಕುವ ಮೊದಲು, ಎರಡು ಗೋಪುರಗಳ ಒಳ್ಳೆಯ ಏರ್ ಕೂಲರ್ ಸಾಕಾದೀತೇ ಎಂದು ಯೋಚಿಸಿ. ಎಎಂ5ರಲ್ಲಿ ಚಿಪ್ಲೆಟ್‌ಗಳು ಮುಚ್ಚಳದ ನಡುವೆ ಇರದೆ ಒಂದು ಅಂಚಿನತ್ತ ಇರುವುದರಿಂದ, ಕೂಲರನ್ನು ಆ ಕಡೆಗೆ ಸರಿಸಿ ಕೂರಿಸುವ ಪಟ್ಟಿಯನ್ನು ಕೆಲವು ತಯಾರಕರು ಒದಗಿಸುತ್ತಾರೆ. ಅದು ಕೆಲವು ಡಿಗ್ರಿಗಳನ್ನು ಇಳಿಸುತ್ತದೆ.

ಇದೆಲ್ಲಕ್ಕಿಂತ ಮೊದಲು, ಖರ್ಚಿಲ್ಲದ ಒಂದು ಉಪಾಯವನ್ನು ಮಾಡಿ ನೋಡಿ. ಬಯಾಸ್‌ನಲ್ಲಿ ಇಕೊ ಮೋಡ್ ಎಂಬ ಆಯ್ಕೆ ಇದೆ. 105 ವ್ಯಾಟ್ ಆಯ್ಕೆಯಲ್ಲಿ ಪ್ರೊಸೆಸರ್‌ನ ನಿಜವಾದ ಬಳಕೆ 142 ವ್ಯಾಟ್‌ಗೆ ಸೀಮಿತವಾಗುತ್ತದೆ, 65 ವ್ಯಾಟ್ ಆಯ್ಕೆಯಲ್ಲಿ 88 ವ್ಯಾಟ್‌ಗೆ. ಇಷ್ಟೊಂದು ವಿದ್ಯುತ್ ಕಡಿಮೆ ಮಾಡಿದರೆ ವೇಗವೂ ಅದೇ ಪ್ರಮಾಣದಲ್ಲಿ ಬೀಳುತ್ತದೆ ಎಂದು ಅನೇಕರು ಅಂಜುತ್ತಾರೆ, ಹಾಗಾಗುವುದಿಲ್ಲ. ವಿದ್ಯುತ್ ಬಳಕೆಯು ಗಡಿಯಾರದ ವೇಗವನ್ನೂ ವೋಲ್ಟೇಜಿನ ವರ್ಗವನ್ನೂ ಗುಣಿಸಿದಂತೆ ಬೆಳೆಯುತ್ತದೆ. ವೇಗವನ್ನೂ ವೋಲ್ಟೇಜನ್ನೂ ತಲಾ ಶೇ 10ರಷ್ಟು ಇಳಿಸಿದರೆ ವಿದ್ಯುತ್ ಬಳಕೆ ಶೇ 27ರಷ್ಟು ಇಳಿಯುತ್ತದೆ. ಕೊನೆಯ ಕೆಲವು ನೂರು ಮೆಗಾಹರ್ಟ್ಸ್‌ಗಾಗಿ ಪ್ರೊಸೆಸರ್ ತೆರುವ ಬೆಲೆ ಅಷ್ಟು ದುಬಾರಿ. ಮಾರ್ಚ್‌ನಿಂದ ಜೂನ್‌ವರೆಗೆ ಇಕೊ ಮೋಡ್‌ನಲ್ಲಿ, ಉಳಿದ ತಿಂಗಳುಗಳಲ್ಲಿ ಪೂರ್ಣ ಮಿತಿಯಲ್ಲಿ ನಡೆಸುವುದು ನಿಮ್ಮ ಊರಿನ ಹವೆಗೆ ಒಪ್ಪುವ ಕ್ರಮ. ರಾಯಚೂರಿನ ಉಪನ್ಯಾಸಕರಿಗೂ ಇದನ್ನೇ ಹೇಳುತ್ತೇನೆ. ಅವರ ಕೋರ್‌ಗಳು ಮೆಮೊರಿಗಾಗಿ ಕಾಯುತ್ತಲೇ ಇರುವುದರಿಂದ ಅವರು ಇಕೊ ಮೋಡ್‌ನಲ್ಲಿ ಕಳೆದುಕೊಳ್ಳುವುದು ನಿಮಗಿಂತಲೂ ಕಡಿಮೆ.

ಕಪ್ಪು ಮಣ್ಣಿನ ನಾಡಿನ ನುಣ್ಣನೆಯ ಧೂಳು ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಸೇರಿಕೊಂಡರೆ ಈ ಲೆಕ್ಕಗಳೆಲ್ಲ ತಲೆಕೆಳಗಾಗುತ್ತವೆ. ಬೇಸಿಗೆಯಲ್ಲಿ ಕ್ಯಾಬಿನೆಟ್‌ನ ಮುಂದಿನ ಜಾಲರಿಯನ್ನು ಆಗಾಗ ತೆಗೆದು ಸ್ವಚ್ಛಗೊಳಿಸಿ.

ಪ್ರಶ್ನೆ: ಪರಿಚಿತರೊಬ್ಬರು ಕೋರ್ ಐ9-14900ಕೆ ಪ್ರೊಸೆಸರನ್ನು ಮದರ್‌ಬೋರ್ಡ್ ಸಮೇತ ಕಡಿಮೆ ಬೆಲೆಗೆ ಕೊಡುತ್ತೇನೆ ಎಂದಿದ್ದಾರೆ. 24 ಕೋರ್‌ಗಳಿವೆ. ಕೊಳ್ಳಬಹುದೇ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಎಚ್ಚರಿಕೆಯಿಂದ ಕೊಳ್ಳಬಹುದು. 2023ರ ಅಕ್ಟೋಬರ್‌ನಲ್ಲಿ ಬಂದ ಈ ಪ್ರೊಸೆಸರ್‌ನ 24 ಕೋರ್‌ಗಳಲ್ಲಿ 8 ಮಾತ್ರ ದೊಡ್ಡವು, ಉಳಿದ 16 ಚಿಕ್ಕವು. ಪ್ರೋಗ್ರಾಂಗಳನ್ನು ಕಂಪೈಲ್ ಮಾಡುವ (ಯಂತ್ರಭಾಷೆಗೆ ಪರಿವರ್ತಿಸುವ) ನಿಮ್ಮಂಥವರಿಗೆ ಅವೂ ಚೆನ್ನಾಗಿ ದುಡಿಯುತ್ತವೆ. ಯೋಚಿಸಬೇಕಾದದ್ದು ಅದರ ಹಿಂದಿನ ಜೀವನದ ಬಗ್ಗೆ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್ ಕೇಳುತ್ತಿದ್ದುದರಿಂದ ಕಾಲಕ್ರಮೇಣ ಅಸ್ಥಿರವಾಗುತ್ತಿವೆ ಎಂಬುದನ್ನು ಕಂಪನಿಯೇ 2024ರಲ್ಲಿ ಒಪ್ಪಿಕೊಂಡು, ಆ ಆಗಸ್ಟ್‌ನಲ್ಲಿಯೂ ಸೆಪ್ಟೆಂಬರ್‌ನಲ್ಲಿಯೂ ಮೈಕ್ರೊಕೋಡ್ (ಪ್ರೊಸೆಸರ್‌ನ ಒಳಗಿನ ಸೂಚನೆಗಳ) ಪರಿಷ್ಕರಣೆಗಳನ್ನು ಬಿಡುಗಡೆ ಮಾಡಿತು. ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಈ ಪರಿಷ್ಕರಣೆ ಮುಂದಿನ ಹಾನಿಯನ್ನು ತಡೆಯುತ್ತದೆ, ಆಗಿಹೋದ ಹಾನಿಯನ್ನು ಸರಿಪಡಿಸುವುದಿಲ್ಲ. ಆದ್ದರಿಂದ ಮೂಲ ರಸೀದಿ ಇದೆಯೇ, ಬಯಾಸ್ ಪರಿಷ್ಕರಣೆ ಯಾವಾಗ ಮಾಡಿಸಿದರು ಎಂದು ಕೇಳಿ. ನಿಮ್ಮದೇ ದೊಡ್ಡ ಪ್ರೋಗ್ರಾಂ ಒಂದನ್ನು ಎಲ್ಲ ಕೋರ್‌ಗಳಲ್ಲೂ ಗಂಟೆಗಟ್ಟಲೆ ಮತ್ತೆ ಮತ್ತೆ ಕಂಪೈಲ್ ಮಾಡಿಸಿ ನೋಡಿ. ಪ್ರತಿ ಬಾರಿಯೂ ಬೇರೆ ಬೇರೆ ಕಡೆ ತಪ್ಪು ತೋರಿಸಿದರೆ ಕೊಳ್ಳಬೇಡಿ. ಕೊಂಡ ಮೇಲೆ ಬಯಾಸ್‌ನಲ್ಲಿ ವಿದ್ಯುತ್ ಮಿತಿ ಇಂಟೆಲ್ ಗೊತ್ತುಪಡಿಸಿದ 253 ವ್ಯಾಟ್ ಮೀರದಂತೆ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಮಿತಿಯನ್ನೇ ತೆಗೆದುಹಾಕಿ ಮಾರಾಟ ಮಾಡುತ್ತಿದ್ದ ಮದರ್‌ಬೋರ್ಡ್‌ಗಳು ಒಂದು ಕಾಲಕ್ಕೆ ಸಾಮಾನ್ಯವಾಗಿದ್ದವು.

ಪ್ರಶ್ನೆ: ಕಕ್ಷಿದಾರರ ಖಾಸಗಿ ದಾಖಲೆಗಳನ್ನು ಹೊರಗೆ ಕಳುಹಿಸದೆ, ನನ್ನ ಕಂಪ್ಯೂಟರಿನಲ್ಲಿಯೇ ಭಾಷಾ ಮಾದರಿಯೊಂದನ್ನು ನಡೆಸಿ ಕನ್ನಡ ಸಾರಾಂಶ ಬರೆಸಬೇಕೆಂದಿದ್ದೇನೆ. 16 ಕೋರ್‌ಗಳ ಬದಲು 64 ಕೋರ್‌ಗಳ ಥ್ರೆಡ್‌ರಿಪ್ಪರ್ ಕೊಂಡರೆ ನಾಲ್ಕು ಪಟ್ಟು ವೇಗ ಸಿಗುವುದೇ?
– ವಕೀಲರು, ಮಂಗಳೂರು

ಉತ್ತರ: ಸಿಗುವುದಿಲ್ಲ. ಸಾಮಾನ್ಯ ಭಾಷಾ ಮಾದರಿಯು ಒಂದೊಂದು ಟೋಕನ್ (ಪದ ಅಥವಾ ಪದದ ತುಣುಕು) ಬರೆಯುವಾಗಲೂ ತರಬೇತಿಯಲ್ಲಿ ಕಲಿತ ತನ್ನ ಎಲ್ಲ ತೂಕಸಂಖ್ಯೆಗಳನ್ನು ಮೆಮೊರಿಯಿಂದ ಒಮ್ಮೆ ಓದಬೇಕು. ಆದ್ದರಿಂದ ಸೆಕೆಂಡಿಗೆ ಎಷ್ಟು ಟೋಕನ್ ಬಂದೀತು ಎಂಬುದರ ಗರಿಷ್ಠ ಮಿತಿಯನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು: ಬ್ಯಾಂಡ್‌ವಿಡ್ತನ್ನು ಮಾದರಿಯ ಗಾತ್ರದಿಂದ ಭಾಗಿಸಿದರೆ ಆಯಿತು. 800 ಕೋಟಿ ತೂಕಸಂಖ್ಯೆಗಳ ಮಾದರಿಯಲ್ಲಿ ಒಂದೊಂದು ಸಂಖ್ಯೆಯನ್ನೂ 4 ಬಿಟ್‌ಗೆ ಇಳಿಸಿದಾಗ ಅದು ಸುಮಾರು 5 ಗಿಗಾಬೈಟ್ ಆಗುತ್ತದೆ, 89.6ನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ ಹೆಚ್ಚೆಂದರೆ 18 ಟೋಕನ್. 7,000 ಕೋಟಿಯ ಮಾದರಿಗೆ 40 ಗಿಗಾಬೈಟ್ ಬೇಕಾಗುವುದರಿಂದ ಎರಡು ಟೋಕನ್‌ಗಳಷ್ಟೇ. 2025ರ ಥ್ರೆಡ್‌ರಿಪ್ಪರ್ 9980ಎಕ್ಸ್‌ಗೆ 64 ಕೋರ್‌ಗಳಿದ್ದರೂ ಡಿಡಿಆರ್5-6400ರ 4 ಚಾನೆಲ್‌ಗಳಿಂದ ಸಿಗುವುದು 204.8 ಗಿಗಾಬೈಟ್. ಕೋರ್‌ಗಳು ನಾಲ್ಕು ಪಟ್ಟು, ಟೋಕನ್‌ಗಳು ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು. ಶಾಖ ಮಾತ್ರ 350 ವ್ಯಾಟ್. ಉದ್ದವಾದ ದಾಖಲೆಯನ್ನು ಮೊದಲಿಗೆ ಓದಿಕೊಳ್ಳುವ ಹಂತದಲ್ಲಿ ಕೋರ್‌ಗಳ ಸಂಖ್ಯೆ ನೆರವಾಗುತ್ತದೆ, ಬರೆಯುವ ಹಂತದಲ್ಲಿ ಅಲ್ಲ.

ಕನ್ನಡಕ್ಕೆ ಈ ಲೆಕ್ಕ ಇನ್ನಷ್ಟು ಕಠಿಣ. ಮಾದರಿಗಳು ಹೆಚ್ಚಾಗಿ ಇಂಗ್ಲಿಷ್ ಪಠ್ಯವನ್ನು ಆಧರಿಸಿ ತಯಾರಾಗಿರುವುದರಿಂದ ಕನ್ನಡದ ಒಂದು ಪದ ಹಲವು ಟೋಕನ್‌ಗಳಾಗಿ ಒಡೆಯುತ್ತದೆ. ವಿಭಕ್ತಿ ಪ್ರತ್ಯಯಗಳು ಸೇರಿದ ಉದ್ದನೆಯ ಪದಗಳಲ್ಲಿ ಇದು ಎದ್ದು ಕಾಣುತ್ತದೆ. ಇಂಗ್ಲಿಷಿಗೆ ಸಾಕೆನಿಸುವ 18 ಟೋಕನ್‌ಗಳ ವೇಗವು ಕನ್ನಡದಲ್ಲಿ ಓದುವವರ ಕಣ್ಣಿಗಿಂತ ನಿಧಾನವಾಗಬಹುದು. ನಮ್ಮ ಭಾಷೆಗೆ ತಕ್ಕ ಟೋಕನೈಸರ್‌ಗಳು (ಪದಗಳನ್ನು ಟೋಕನ್‌ಗಳಾಗಿ ಒಡೆಯುವ ತಂತ್ರಾಂಶಗಳು) ಬೆಳೆಯಬೇಕೆಂದು ಹಂಬಲಿಸುವವರಲ್ಲಿ ನಾನೂ ಒಬ್ಬ. ಕಂಪ್ಯೂಟರ್ ಕೊಳ್ಳುವ ಕನ್ನಡಿಗರ ಜೇಬಿಗೂ ಅದರಿಂದ ನೇರ ಲಾಭವಿದೆ.

ನಿಮಗೆ ಮೂರು ದಾರಿಗಳು ಕಾಣುತ್ತವೆ. ಚಿಕ್ಕ ಮಾದರಿ ಸಾಕಾದರೆ, 12 ಗಿಗಾಬೈಟ್ ಮೆಮೊರಿಯ ಹಳೆಯ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಕೂಡ ಸೆಕೆಂಡಿಗೆ 360 ಗಿಗಾಬೈಟ್ ಒದಗಿಸುತ್ತದೆ, ಅಂದರೆ 16 ಕೋರ್‌ಗಳ ಡೆಸ್ಕ್‌ಟಾಪ್‌ನ ನಾಲ್ಕು ಪಟ್ಟು. ದೊಡ್ಡ ಮಾದರಿ ಬೇಕಾದರೆ, ಪ್ರತಿ ಟೋಕನ್‌ಗೆ ತನ್ನ ಒಂದು ಭಾಗವನ್ನಷ್ಟೇ ಓದುವ ಮಿಶ್ರತಜ್ಞ ಬಗೆಯದನ್ನು ಆರಿಸಿ. 2025ರಲ್ಲಿ ಬಂದ ಕ್ವೆನ್3 ಸರಣಿಯ ಒಂದು ಭಾಷಾ ಮಾದರಿಯಲ್ಲಿ 3,000 ಕೋಟಿ ತೂಕಸಂಖ್ಯೆಗಳಿದ್ದರೂ ಒಂದು ಟೋಕನ್‌ಗೆ ಬಳಕೆಯಾಗುವುದು ಸುಮಾರು 300 ಕೋಟಿ ಮಾತ್ರ. ಮೂರನೆಯದು ರೈಜನ್ ಎಐ ಮ್ಯಾಕ್ಸ್+ 395 ಇರುವ ಪುಟ್ಟ ಕಂಪ್ಯೂಟರ್‌ಗಳು. ಕೋರ್‌ಗಳು ಅದರಲ್ಲಿಯೂ 16, ಆದರೆ 256 ಬಿಟ್ ಅಗಲದ ಮೆಮೊರಿಯಿಂದ ಸೆಕೆಂಡಿಗೆ 256 ಗಿಗಾಬೈಟ್ ಸಿಗುತ್ತದೆ. ತಯಾರಕರು ಗೊತ್ತುಪಡಿಸಿದ ಟಿಡಿಪಿ ಗರಿಷ್ಠ 120 ವ್ಯಾಟ್. ಆ ಹರಿವಿನ ಹೆಚ್ಚಿನ ಲಾಭ ಪಡೆಯುವುದು ಅದರೊಳಗಿನ ಗ್ರಾಫಿಕ್ಸ್ ಭಾಗ, ಮತ್ತು ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುವುದರಿಂದ ಮುಂದೆ ಹೆಚ್ಚಿಸಲಾಗದು ಎಂಬ ಎರಡು ಸಂಗತಿಗಳು ನೆನಪಿರಲಿ.

ಪ್ರಶ್ನೆ: 360 ಮಿಲಿಮೀಟರ್ ಲಿಕ್ವಿಡ್ ಕೂಲರ್ ಹಾಕಿಸಿದ ಮೇಲೆ ಪ್ರೊಸೆಸರ್ ತಂಪಾಗಿದೆ. ಆದರೆ ದೀರ್ಘ ಕೆಲಸಗಳ ನಡುವೆ ಕಂಪ್ಯೂಟರ್ ಒಮ್ಮೊಮ್ಮೆ ತಾನೇ ರೀಸ್ಟಾರ್ಟ್ ಆಗುತ್ತಿದೆ. ಮಧ್ಯಾಹ್ನದ ಹೊತ್ತಿನಲ್ಲೇ ಹೆಚ್ಚು. ಏಕಿರಬಹುದು?
– ವಾಸ್ತುವಿನ್ಯಾಸಕಾರರು, ಬಳ್ಳಾರಿ

ಉತ್ತರ: ಮಧ್ಯಾಹ್ನವೇ ಹೆಚ್ಚು ಎಂಬ ನಿಮ್ಮ ಗಮನಿಕೆ ಮುಖ್ಯವಾದದ್ದು. ಮೊದಲು ಮೆಮೊರಿಯನ್ನು ಅನುಮಾನಿಸಿ. ಏರ್ ಕೂಲರ್‌ನ ಫ್ಯಾನ್ ಪ್ರೊಸೆಸರ್ ಜೊತೆಗೆ ಪಕ್ಕದ ಮೆಮೊರಿ ಸ್ಟಿಕ್‌ಗಳ ಮೇಲೂ ವೋಲ್ಟೇಜ್ ನಿಯಂತ್ರಕಗಳ ಮೇಲೂ ಗಾಳಿ ಆಡಿಸುತ್ತಿತ್ತು. ಲಿಕ್ವಿಡ್ ಕೂಲರ್ ಬಂದಾಗ ಫ್ಯಾನ್‌ಗಳು ಕ್ಯಾಬಿನೆಟ್‌ನ ಅಂಚಿಗೆ ಹೋದವು, ಬೋರ್ಡಿನ ಮೇಲಿನ ಗಾಳಿ ನಿಂತಿತು. ಡಿಡಿಆರ್5ರಲ್ಲಿ ವೋಲ್ಟೇಜ್ ನಿಯಂತ್ರಿಸುವ ಚಿಪ್ ಕೂಡ ಸ್ಟಿಕ್‌ನ ಮೇಲೆಯೇ ಇರುವುದರಿಂದ ಅದರ ಶಾಖವೂ ಅಲ್ಲಿಯೇ ಸೇರುತ್ತದೆ.

ಮೆಮೊರಿಯ ಕೋಶಗಳು ವಿದ್ಯುದಾವೇಶವನ್ನು ನಿಧಾನವಾಗಿ ಸೋರಿಕೊಳ್ಳುತ್ತವೆ. ತಾಪ ಏರಿದಷ್ಟೂ ಸೋರಿಕೆ ಹೆಚ್ಚು. ಹೀಗಾಗಿ 3.9 ಮೈಕ್ರೊಸೆಕೆಂಡಿಗೊಮ್ಮೆ ಒಂದಷ್ಟು ಕೋಶಗಳಂತೆ ಅವನ್ನು ಸರದಿಯಲ್ಲಿ ನವೀಕರಿಸುವ ಕ್ರಮವಿದ್ದು, 85 ಡಿಗ್ರಿ ಮೀರಿದರೆ ಎರಡು ಪಟ್ಟು ಬೇಗ ನವೀಕರಿಸಬೇಕೆಂದು ಡಿಡಿಆರ್5 ಮಾನದಂಡ ಹೇಳುತ್ತದೆ. 16 ಗಿಗಾಬಿಟ್ ಚಿಪ್‌ನಲ್ಲಿ ಅಂಥ ಒಂದು ಸರದಿಗೆ 295 ನ್ಯಾನೊಸೆಕೆಂಡ್ ಹಿಡಿಯುತ್ತದೆ. ಅಂದರೆ ಸಾಮಾನ್ಯ ತಾಪದಲ್ಲಿ ಶೇ 7.6ರಷ್ಟು ಸಮಯ ಇದಕ್ಕೆ ಹೋಗುತ್ತಿದ್ದರೆ, ಬಿಸಿ ಹೆಚ್ಚಿದಾಗ ಶೇ 15ರಷ್ಟು ಹೋಗುತ್ತದೆ. ಮೆಮೊರಿಯ ಬ್ಯಾಂಡ್‌ವಿಡ್ತ್ ಅಷ್ಟು ಕುಗ್ಗುತ್ತದೆ. ಎಕ್ಸ್‌ಪೊ ಅಥವಾ ಎಕ್ಸ್‌ಎಂಪಿಯಲ್ಲಿ ಟೈಮಿಂಗ್‌ಗಳನ್ನು (ಮೆಮೊರಿಗೆ ಕೊಡುವ ಕಾಲಾವಕಾಶಗಳನ್ನು) ಬಿಗಿಗೊಳಿಸಿದ್ದರೆ 85ಕ್ಕಿಂತ ಬಹಳ ಮೊದಲೇ ತಪ್ಪುಗಳು ತಲೆದೋರಬಹುದು. ಡಿಡಿಆರ್5 ಚಿಪ್‌ಗಳೊಳಗೆ ತಪ್ಪು ತಿದ್ದುವ ವ್ಯವಸ್ಥೆ ಇದೆಯಾದರೂ ಅದು ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆಗುವ ತಪ್ಪುಗಳನ್ನು ಕಾಣಲಾರದು.

ಡಿಡಿಆರ್5 ಸ್ಟಿಕ್‌ಗಳಲ್ಲಿ ಸಾಮಾನ್ಯವಾಗಿ ತಾಪಮಾಪಕ ಇರುತ್ತದೆ. ಎಚ್‌ಡಬ್ಲ್ಯೂಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ನೋಡಿ, ಮಧ್ಯಾಹ್ನದ ಕೆಲಸದ ವೇಳೆಯ ಅಂಕಿಗಳನ್ನು ದಾಖಲಿಸಿಕೊಳ್ಳಿ. ಬಳಿಕ ಎಕ್ಸ್‌ಪೊ ಅಥವಾ ಎಕ್ಸ್‌ಎಂಪಿಯನ್ನು ತೆಗೆದು ಅದೇ ಕೆಲಸವನ್ನು ಅದೇ ಹೊತ್ತಿನಲ್ಲಿ ನಡೆಸಿ. ರೀಸ್ಟಾರ್ಟ್ ನಿಂತರೆ ಮೆಮೊರಿಯೇ ಕಾರಣವೆಂದು ತಿಳಿದು, ಸ್ಟಿಕ್‌ಗಳತ್ತ ಗಾಳಿ ಬೀಸುವಂತೆ 120 ಮಿಲಿಮೀಟರ್‌ನ ಒಂದು ಫ್ಯಾನ್ ಹಾಕಿಸಿ. ನಿಲ್ಲದಿದ್ದರೆ ಎಸ್‌ಎಂಪಿಎಸ್ (ಕಂಪ್ಯೂಟರಿನೊಳಗೆ ವಿದ್ಯುತ್ ಪೂರೈಸುವ ಪೆಟ್ಟಿಗೆ) ಮತ್ತು ಯುಪಿಎಸ್‌ಗಳನ್ನು ಪರೀಕ್ಷಿಸಬೇಕಾಗುತ್ತದೆ. ಆಗ ಅವುಗಳ ಸಾಮರ್ಥ್ಯ ಎಷ್ಟು ವ್ಯಾಟ್ ಎಂಬುದನ್ನೂ ನಿಮ್ಮ ಗ್ರಾಫಿಕ್ಸ್ ಕಾರ್ಡ್ ಯಾವುದೆಂಬುದನ್ನೂ ತಿಳಿಸಿ ಮತ್ತೊಮ್ಮೆ ಬರೆಯಿರಿ.